ದೊರೆಯ ಎದುರು ಕೂತವರು

ಯಾರ ಮನಸ್ಸನ್ನೂ ನೋಯಿಸದ ಜೀವ ಎಂದು ಅವರ ಸಂತಾಪ ಸಭೆಯಲ್ಲಿ ಎದ್ದು ನಿಂತವರೆಲ್ಲ ಹೇಳಿದರು. ನನ್ನ ಸರದಿ ಬಂದಾಗ ನಾನೂ ಅದನ್ನೇ ಹೇಳಿದೆ. ವಾಪಸು ಬರುವಾಗ, ಕಾರು ಫ್ರೀವೇ ಹತ್ತುವ ಮುಂಚೆಯೇ ಹೆಂಡತಿ ಕೇಳಿದಳು: "ಅಲ್ಲ ರೀ, ಯಾರ ಬಗ್ಗೆ ಮಾತಾಡ್ತಿದ್ರಿ ನೀವೆಲ್ಲ?"

ಅವರನ್ನು ಬಲ್ಲವರಿಗೆಲ್ಲ ಗೊತ್ತು, ಒಬ್ಬರ ಮಾತನ್ನಾದರೂ ಮುರಿಯದೆ ಅವರು ಸಂಜೆಯ ಕಾಫಿ ಕುಡಿದವರಲ್ಲ. ತೀರಿಕೊಂಡ ವಾರದೊಳಗೆ ಅವರನ್ನು ನುಣ್ಣಗೆ ಉಜ್ಜಿ ದೇವರ ಗೂಡಿನಲ್ಲಿ ಇಟ್ಟುಬಿಟ್ಟಿದ್ದೆವು. ಅದಕ್ಕೇ ಈ ಬರಹ. ನೆನಪು ಒಪ್ಪವಾಗಿ ಸಾಲುಗಟ್ಟಿ ಬಂದಾಗಲೆಲ್ಲ ನನಗೆ ಅದರ ಮೇಲೆ ಅನುಮಾನ. ಹಾಗಾಗಿ ಬರೆದ ಪುಟಗಳನ್ನು ಹೆಂಡತಿಗೆ ಓದಲು ಕೊಡುತ್ತಿದ್ದೇನೆ. ಅವಳು ಹಾಗಲ್ಲ ಎಂದ ಕಡೆ ನನ್ನದನ್ನು ಅಳಿಸುವುದಿಲ್ಲ, ಅವಳದನ್ನು ಬಿಡುವುದೂ ಇಲ್ಲ.

ಹೆಸರು ಬರೆಯುವುದಿಲ್ಲ. ನಾವಿರುವ ಬೇ ಏರಿಯಾದಲ್ಲಿ ಕೂದಲು ನರೆತವರೆಲ್ಲ ಅಂಕಲ್. ಅವರಿಗೆ ಆ ಶಬ್ದ ಆಗುತ್ತಿರಲಿಲ್ಲ. "ಅಂಕಲ್ ಅಂತ ಕರೆದ ಮೇಲೆ ಮುಗೀತು ಮಾರಾಯ್ರೆ. ಅಂಕಲ್‌ನ ಹತ್ರ ಯಾರಾದ್ರೂ ವಾದ ಮಾಡ್ತಾರಾ?"

ಪುತ್ತೂರಿನವರು. ಅಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಕೆಲಸದ ದಿನ ಕೋರ್ಟು, ರಜೆಯ ದಿನ ತಾಳಮದ್ದಳೆ. ತಾಳಮದ್ದಳೆ ನೋಡದವರಿಗೆ ಇಷ್ಟು ಹೇಳಿದರೆ ಸಾಕು: ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಹಾಡು ಮತ್ತು ಮಾತು ಉಳಿಯುತ್ತವಲ್ಲ, ಅದು. ಭಾಗವತರು ಪದ ಹೇಳುತ್ತಾರೆ. ಪಂಚೆ, ಶಾಲಿನಲ್ಲಿ ಎದುರುಬದುರು ಕೂತ ಅರ್ಥಧಾರಿಗಳು ಆ ಪದದ ಪಾತ್ರಗಳಾಗಿ, ಬರೆದುಕೊಳ್ಳದೆ, ಆ ಕ್ಷಣ ಹೊಳೆದದ್ದನ್ನು ವಾದಿಸುತ್ತಾರೆ. ಕೆಟ್ಟವನ ಪಾಲಿಗೆ ಕೂತವನೂ ಗೆಲ್ಲುವವನ ಹಾಗೆಯೇ ಮಾತಾಡಬೇಕು. ಕಥೆಯಲ್ಲಿ ಅವನು ಸೋಲುತ್ತಾನೆ, ಅದು ಬೇರೆ ವಿಷಯ. ಮಾತಿನಲ್ಲಿ ಬಿಟ್ಟುಕೊಟ್ಟರೆ ಎದುರು ಕೂತವನಿಗೆ ಅವಮಾನ ಮಾಡಿದಂತೆ.

ಈ ಒಂದು ನಿಯಮವನ್ನು ಅವರು ಪುತ್ತೂರಿನಿಂದ ಫ್ರೀಮಾಂಟಿನ ಮಗಳ ಮನೆಗೆ ಹಾಗೇ ಹೊತ್ತು ತಂದಿದ್ದರು.

ನಮ್ಮ ಮನೆಗೆ ಮೊದಲ ಸಲ ಬಂದಾಗ ಕಾಫಿಯನ್ನು ಹೊಗಳಿದರು. "ಬಹಳ ಚಂದ ಉಂಟು." ಅವರು ಯಾವುದನ್ನಾದರೂ ಚಂದ ಎಂದರೆ ಹುಷಾರಾಗಬೇಕು ಎಂದು ಆಗಿನ್ನೂ ಗೊತ್ತಿರಲಿಲ್ಲ. ಶಾಲನ್ನು ಎಡ ಹೆಗಲಿನಿಂದ ಬಲಕ್ಕೆ ಹಾಕಿಕೊಂಡು, ತೋರುಬೆರಳಿನಿಂದ ಗಾಳಿಯನ್ನು ಒಮ್ಮೆ ಕಲಕಿ, ಕಾಫಿ ಎಂಬುದು ರುಚಿಯೇ ಅಲ್ಲ, ಬರೀ ಕಹಿಗೆ ಕೊಟ್ಟ ಮರ್ಯಾದೆ ಎಂದು ಸಾಧಿಸತೊಡಗಿದರು. ನಾನು "ನಿಜ, ನಿಜ" ಎಂದೆ. ಹೆಂಡತಿ ಬಿಡಲಿಲ್ಲ. "ಹಾಗಾದ್ರೆ ಲೋಟ ಯಾಕೆ ಖಾಲಿ ಆಗಿದೆ?" ಎಂದಳು. ಅವರ ಮುಖ ಅರಳಿದ್ದನ್ನು ಈಗಲೂ ಕಾಣಬಲ್ಲೆ. ಆ ಮೇಲೆ ಅವರು ನಮ್ಮ ಮನೆಗೆ ಬರುತ್ತಿದ್ದದ್ದು ನನಗಾಗಿ ಅಲ್ಲ.

"ನಿಮ್ಮ ಹೆಂಡತಿಗೆ ವಾದ ಬರ್ತದೆ" ಎಂದು ಒಮ್ಮೆ ಹೇಳಿದರು. "ಆದ್ರೆ ಕುಕ್ಕರ್ ಕೂಗಿದ ಕೂಡ್ಲೆ ಎದ್ದು ಹೋಗ್ತಾರೆ. ಆಸ್ಥಾನದಲ್ಲಿ ದೊರೆ ಹಾಗೆ ಎದ್ದು ಹೋಗ್ಲಿಕ್ಕೆ ಆಗ್ತದಾ?"

(ಹೆಂಡತಿ: "ಕಾಫಿ ಅಲ್ಲ, ಅದು ಚಿತ್ರಾನ್ನ. ಮತ್ತೆ ನಾನು ಎದ್ದು ಹೋಗ್ತಿದ್ದದ್ದು ಕುಕ್ಕರಿಗಲ್ಲ, ನಗು ತಡೀಲಾರದೆ.")

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಮ್ಮ ಗ್ಯಾರೇಜಿನಲ್ಲಿ ತಾಳಮದ್ದಳೆ. ಕಾರುಗಳನ್ನು ರಸ್ತೆಗೆ ಬಿಟ್ಟು ಜಮಖಾನ ಹಾಸುತ್ತಿದ್ದೆವು. ಭಾಗವತರು ಕ್ಯುಪರ್ಟಿನೋದಿಂದ ಬರುತ್ತಿದ್ದರು, ಮದ್ದಳೆಯವರು ದೂರದ ಗಿಲ್‌ರಾಯ್‌ನಿಂದ. ಅರ್ಥ ಹೇಳಲು ಕೂರುವವರು ಮಾತ್ರ ನಮ್ಮಂಥ ಇಂಜಿನಿಯರುಗಳು. ಫೋನಿನಲ್ಲಿ ಬರೆದುಕೊಂಡು ಬಂದದ್ದನ್ನು ಓದುತ್ತಿದ್ದರು. ಎದುರು ಕೂತ ಪುತ್ತೂರಿನವರು ಒಂದು ಪ್ರಶ್ನೆ ಎಸೆದರೆ, "ನಿಮ್ಮ ಮಾತು ಸರಿ" ಎಂದು ಕೈಮುಗಿದು ಮುಂದಿನ ಪದಕ್ಕೆ ಭಾಗವತರ ಮುಖ ನೋಡುತ್ತಿದ್ದರು.

"ಇಲ್ಲಿ ಎಲ್ಲರಿಗೂ ಒಪ್ಪುವ ರೋಗ" ಎಂದು ಅವರು ಒಂದು ಸಲ ಕಾರಿನಲ್ಲಿ ಹೇಳಿದರು. "ಎದುರು ಹೇಳುವವ ಇಲ್ಲದಿದ್ರೆ ನಾನು ಎಂತ ಯೋಚನೆ ಮಾಡ್ತೇನೆ ಅಂತ ನನಗೇ ಗೊತ್ತಾಗುದಿಲ್ಲ. ಈ ದೀಪಾವಳಿಗೆ ಊರಿಗೆ ಹೋಗುದು. ಮತ್ತೆ ಬರುದಿಲ್ಲ."

ಅವರ ಮಗಳು ನನ್ನನ್ನು ಗ್ರೋಸರಿ ಅಂಗಡಿಯಲ್ಲಿ ಹಿಡಿದು ನಿಲ್ಲಿಸಿದಳು. "ಅಪ್ಪನಿಗೆ ನಾವೆಂತ ಕಡಿಮೆ ಮಾಡಿದ್ದೇವೆ ಹೇಳಿ. ಮಕ್ಕಳು ಅಜ್ಜ ಅಜ್ಜ ಅಂತ ಸುತ್ತ ಇರ್ತಾವೆ. ಅವರಿಗೆ ಜಗಳಕ್ಕೆ ಒಂದು ಜನ ಬೇಕಂತೆ. ಎಲ್ಲಿಂದ ತರುದು?" ಅವಳ ಕಣ್ಣು ತುಂಬಿತ್ತು. ಕೈಯಲ್ಲಿ ಕೊತ್ತಂಬರಿ ಕಟ್ಟು. ಅದು ತಮಾಷೆಯ ವಿಷಯವಲ್ಲ ಎಂದು ನನಗೆ ಅರ್ಥವಾದದ್ದು ಆಗ.

ಆ ಜನ ಸಿಕ್ಕಿದ್ದು ಸೀನಿಯರ್ ಸೆಂಟರಿನಲ್ಲಿ. ಆಫೀಸು ಮನೆಯಿಂದಲೇ ನಡೆಯುತ್ತಿದ್ದ ದಿನಗಳಲ್ಲಿ ನಾನೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದೆ. ಗುರುವಾರ ಊಟದ ನಂತರ ಒಬ್ಬೊಬ್ಬರು ತಮ್ಮ ದೇಶದ ಒಬ್ಬ ವ್ಯಕ್ತಿಯ ಬಗ್ಗೆ ಮಾತಾಡಬೇಕು, ಉಳಿದವರು ಚಪ್ಪಾಳೆ ತಟ್ಟಿ "ಥ್ಯಾಂಕ್ಯೂ ಫಾರ್ ಶೇರಿಂಗ್" ಎನ್ನಬೇಕು. ಆ ದಿನ ಎದ್ದವಳು ರುಮೇನಿಯಾದ ಹೆಂಗಸು. ಗಿಡ್ಡ ಕೂದಲು, ಬೇಸಿಗೆಯಲ್ಲೂ ಉಣ್ಣೆಯ ಮೇಲಂಗಿ, ನೆಟ್ಟಗೆ ನಿಲ್ಲುವ ಬೆನ್ನು. ತನ್ನೂರಿನ ಶಾಲೆಯಲ್ಲಿ ಇತಿಹಾಸದ ಟೀಚರಾಗಿದ್ದವಳು, ಈಗ ಮಗನ ಅಪಾರ್ಟ್‌ಮೆಂಟಿನಲ್ಲಿ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದಳು. "ನಮ್ಮ ಒಬ್ಬ ದೊರೆಯ ಬಗ್ಗೆ ಹೇಳುತ್ತೇನೆ" ಎಂದಳು. ಯಾರೋ "ಸಿನಿಮಾದಲ್ಲಿ ರಕ್ತ ಕುಡಿಯುತ್ತಾನಲ್ಲ, ಅವನಾ?" ಎಂದು ನಕ್ಕರು. "ಅವನಲ್ಲ" ಎಂದಳು. ಆ ಪ್ರಶ್ನೆಯನ್ನು ಅವಳು ಈ ದೇಶದಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದಳೋ, ಮುಖದಲ್ಲಿ ಗೆರೆಯೂ ಅಲುಗಲಿಲ್ಲ.

ಅವಳು ಮುಗಿಸಿದಳು. ಚಪ್ಪಾಳೆ. ಥ್ಯಾಂಕ್ಯೂ. ಆಗ ಇವರು ಎದ್ದರು. ಶಾಲು ಎಡದಿಂದ ಬಲಕ್ಕೆ ಹೋಯಿತು. ಕೋರ್ಟಿನ ಇಂಗ್ಲಿಷಿನಲ್ಲಿ, "ಮೈ ಲರ್ನೆಡ್ ಫ್ರೆಂಡ್ ಬಹಳ ಚಂದ ಹೇಳಿದರು" ಎಂದರು. "ಆದರೆ ಅವರೇ ಹೇಳಿದ ಪ್ರಕಾರ ಅವರ ದೊರೆ ಸುಳ್ಳುಗಾರ. ತಂದೆಯಲ್ಲದವನನ್ನು ತಂದೆ ಎಂದು ಹೇಳಿ ಗಾದಿ ಹಿಡಿದವನು."

ಪುತ್ತೂರಿನಲ್ಲಿ ಇದು ಗೌರವ: ನಿನ್ನ ನಾಯಕನನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದೇನೆ, ಬಾ, ಕಾಪಾಡಿಕೋ ಎಂಬ ಆಹ್ವಾನ. ಫ್ರೀಮಾಂಟಿನಲ್ಲಿ ಅದು ಏನಾಯಿತೆಂದರೆ, ಅವಳು ಕೈಚೀಲ ಎತ್ತಿಕೊಂಡು ಹೊರಗೆ ನಡೆದಳು. ಸಂಜೆಗೆ ಸೆಂಟರಿನಿಂದ ಮಗಳಿಗೆ ಫೋನು ಬಂತು. ಮಗಳು ತಂದೆಯೊಡನೆ ಎರಡು ದಿನ ಮಾತು ಬಿಟ್ಟಳು. ಇವರು ನನಗೆ ಫೋನು ಮಾಡಿ ಕೇಳಿದ್ದು ಒಂದೇ: "ಅವರಿಗೆ ಉತ್ತರ ಇತ್ತು ಮಾರಾಯ್ರೆ. ಕಣ್ಣಲ್ಲಿ ಇತ್ತು. ಹೇಳದೆ ಎದ್ದು ಹೋದದ್ದು ಯಾಕೆ?"

ಕ್ಷಮೆ ಕೇಳಲು ನಾನು ಅವರನ್ನು ಅವಳ ಮನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳುತ್ತಿದ್ದರು, "ಶಬ್ದಕ್ಕೆ ಕ್ಷಮೆ ಕೇಳ್ತೇನೆ. ವಾದಕ್ಕೆ ಅಲ್ಲ." ಅವಳು ಬಾಗಿಲನ್ನು ಅರ್ಧ ತೆರೆದು ಅಲ್ಲೇ ನಿಂತಳು. ಅಲ್ಲಿನ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿದೆ.

"ಆ ಕೋಣೆಯಲ್ಲಿದ್ದವರು ನನ್ನ ದೊರೆಯ ಬಗ್ಗೆ ಜೀವಮಾನದಲ್ಲಿ ಇನ್ನೊಂದು ಮಾತು ಕೇಳುವುದಿಲ್ಲ" ಎಂದಳು. "ನೆನಪಿಟ್ಟುಕೊಳ್ಳುವುದು ನಿಮ್ಮ ಒಂದು ಶಬ್ದವನ್ನು. ನೀವೆಲ್ಲ ಸೇರಿ ನಮ್ಮ ಒಬ್ಬ ದೊರೆಯನ್ನು ರಕ್ತ ಕುಡಿಯುವ ಹಲ್ಲಿನವನನ್ನಾಗಿ ಮಾಡಿದಿರಿ. ಇನ್ನೊಬ್ಬನನ್ನು ಸುಳ್ಳುಗಾರನನ್ನಾಗಿ."

ಅವರು ತಲೆ ತಗ್ಗಿಸಿ ಆ ಶಬ್ದಕ್ಕೆ ಕ್ಷಮೆ ಕೇಳಿದರು. ಆಮೇಲೆ ಹೇಳಿದರು: "ಸರಿ. ಜನರ ಎದುರು ಆಪಾದನೆ ಮಾಡಿದ್ದೇನೆ. ಜನರ ಎದುರೇ ಅವನಿಗೆ ಉತ್ತರ ಕೊಡುವ ಅವಕಾಶ ಆಗಬೇಕು. ನನಗೆ ಅವನ ಕಥೆ ಪೂರ್ತಿ ಹೇಳಿ. ನಾನು ಅದನ್ನು ತಾಳಮದ್ದಳೆಯ ಪ್ರಸಂಗ ಮಾಡಿಸುತ್ತೇನೆ."

(ಹೆಂಡತಿ: "ಅಷ್ಟು ಚೆನ್ನಾಗಿ ಹೇಳಿರೋಲ್ಲ ಅವರು. ನೀವು ಆವತ್ತು ಮನೆಗೆ ಬಂದು ಹೇಳಿದ್ದು, ಆ ಮುದುಕಿ ಬಾಗಿಲು ಹಾಕಿಬಿಟ್ಟಳು, ಇವರು ಕಾಗದದ ಮೇಲೆ ಬರೆದು ಬಾಗಿಲ ಸಂದಿಯಲ್ಲಿ ತಳ್ಳಿದ್ರು ಅಂತ." ಇರಬಹುದು. ನನಗೆ ಬಾಗಿಲು ತೆರೆದೇ ಇದ್ದಂತೆ ನೆನಪು.)

ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಾರ್ಕಿನ ಬೆಂಚಿನ ಮೇಲೆ, ಮೊಮ್ಮಗಳು ಜಾರುಬಂಡಿ ಆಡುತ್ತಿರುವಾಗ, ಅವಳು ಹೇಳಿದಳು, ಇವರು ಕಕ್ಷಿದಾರನನ್ನು ವಿಚಾರಿಸುವ ಹಾಗೆ ಕೇಳಿದರು. ಸುಮಾರು ಐನೂರು ವರ್ಷಗಳ ಹಿಂದೆ, ಡ್ಯಾನ್ಯೂಬ್ ನದಿಗೂ ಬೆಟ್ಟಸಾಲಿಗೂ ನಡುವಿನ ವಲಾಕಿಯಾ. ಅವನು ಹುಟ್ಟಿದ್ದು ದೊಡ್ಡ ಸಿರಿವಂತ ಮನೆತನದಲ್ಲಿ. ದೊರೆಗಳನ್ನು ಕೂರಿಸುವ, ಇಳಿಸುವ ಮನೆತನ ಅದು; ತಾನೇ ಕೂರುವ ಮನೆತನವಲ್ಲ. ಆಳುತ್ತಿದ್ದ ದೊರೆ ಅವರ ಮೇಲೆ ತಿರುಗಿಬಿದ್ದಾಗ ಅವರು ನದಿಯಾಚೆಯ ತುರ್ಕರ ನೆರವು ತಂದು ಅವನನ್ನು ಇಳಿಸಿದರು. ಅವನ ತಲೆಯೂ ಹೋಯಿತು. ಗಾದಿ ಖಾಲಿ, ಆದರೆ ಅದಕ್ಕೆ ರಾಜವಂಶದ ರಕ್ತ ಬೇಕು. ಆಗ ಇವನು, ತಾನು ಹಿಂದಿನ ಒಬ್ಬ ದೊರೆಯ ಮಗ ಎಂದು ಸಾರಿದ.

ಹಾಗೆ ಕೂತವನು ಕೆಟ್ಟದಾಗಿ ಆಳಲಿಲ್ಲ. ಹತ್ತಿರ ಹತ್ತಿರ ಹತ್ತು ವರ್ಷ. ಯುದ್ಧಕ್ಕಿಂತ ಕಟ್ಟಡ ಅವನಿಗೆ ಇಷ್ಟ. ಕಲ್ಲಿನಲ್ಲಿ ಹೂಬಳ್ಳಿ ಬಿಡಿಸಿದ ಒಂದು ಚರ್ಚು, ಪುತ್ತೂರಿನವರ ಮಾತಿನಲ್ಲಿ ಇಗರ್ಜಿ, ಕಟ್ಟಿಸಿದ. ಖಜಾನೆ ಸಾಲದಾದಾಗ ರಾಣಿ ಮೈಮೇಲಿನ ಒಡವೆ ಕೊಟ್ಟಳೆಂದು ಜನ ಹೇಳುತ್ತಾರಂತೆ. ಮಕ್ಕಳಲ್ಲಿ ಕೆಲವರು ಕಣ್ಣೆದುರೇ ಹೋದರು. ಉಳಿದ ಮಗನಿಗಾಗಿ ಅವನು ಬುದ್ಧಿಮಾತಿನ ಒಂದು ಪುಸ್ತಕ ಮಾಡಿದ: ರಾಯಭಾರಿಯನ್ನು ಹೇಗೆ ಎದುರುಗೊಳ್ಳಬೇಕು, ಔತಣದಲ್ಲಿ ಎಷ್ಟು ಕುಡಿಯಬೇಕು, ಸತ್ತವರಿಗಾಗಿ ಎಷ್ಟು ಅಳಬೇಕು. ಕೊನೆಗೆ ಕಾಯಿಲೆಯಿಂದ ಹಾಸಿಗೆಯ ಮೇಲೆ ಸತ್ತ. "ಆ ಕಾಲದ ಆ ದೇಶದಲ್ಲಿ ದೊರೆಗಳು ಹಾಸಿಗೆಯ ಮೇಲೆ ಸಾಯುತ್ತಿರಲಿಲ್ಲ" ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಹುಡುಗನಾಗಿದ್ದ ಮಗ ಕೆಲವೇ ತಿಂಗಳಲ್ಲಿ ಗಾದಿ ಕಳೆದುಕೊಂಡ. ಬಹಳ ಕಾಲ ಬದುಕಲೂ ಇಲ್ಲ.

ಇದಿಷ್ಟೂ ಅವಳ ಇಂಗ್ಲಿಷಿನಿಂದ ಅವರ ಕನ್ನಡಕ್ಕೆ, ಅಲ್ಲಿಂದ ನನ್ನ ನೆನಪಿಗೆ ಇಳಿದದ್ದು. ಈ ದೊರೆಯಲ್ಲಿ ವಲಾಕಿಯಾ ಎಷ್ಟು, ಪುತ್ತೂರು ಎಷ್ಟು ಎಂದು ನಾನೀಗ ಬೇರ್ಪಡಿಸಲಾರೆ.

ಭಾಗವತರು ಪದಗಳನ್ನು ಕಟ್ಟಿದರು. ಯಾರೂ ಕೇಳದೆಯೇ ಇವರು ಹೇಳಿದರು, "ಆಸ್ಥಾನದಲ್ಲಿ ಆಪಾದನೆ ಮಾಡುವ ಸಿರಿವಂತನ ಪಾತ್ರ ನನ್ನದು. ಶುರು ಮಾಡಿದ್ದು ನಾನೇ ಅಲ್ವಾ?" ದೊರೆಯ ಪಾಲು ಸನ್ನಿವೇಲಿನ ಒಬ್ಬ ಇಂಜಿನಿಯರಿಗೆ ಬಂತು. ಒಳ್ಳೆಯ ಕಂಠ, ಒಳ್ಳೆಯ ನಡತೆ. ಇವರ ಮಗಳು ಅಷ್ಟರಲ್ಲಿ ದೀಪಾವಳಿಗೆ ಊರಿನ ಟಿಕೆಟ್ ನೋಡಿಟ್ಟಿದ್ದಳು. ಇದು ಇಲ್ಲಿನ ಕೊನೆಯ ಕೂಟ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಶನಿವಾರ ರುಮೇನಿಯಾದ ಹೆಂಗಸು ಬಂದು ಗ್ಯಾರೇಜಿನಲ್ಲಿ ಮಡಚುವ ಕುರ್ಚಿಯ ಮೇಲೆ ಕೈಕಟ್ಟಿ ಕೂತಳು. ಪಕ್ಕದಲ್ಲಿ ನಾನು, ಕಿವಿಯಲ್ಲಿ ಇಂಗ್ಲಿಷ್ ಮಾಡಿ ಹೇಳಲು. ಮದ್ದಳೆ ಶುರುವಾದಾಗ ಅವಳ ಪಾದ ಅಲುಗಿತು. ಇವರು ಶಾಲು ಬದಲಿಸಿದರು.

ಅವರು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ದನಿ ಏರಿಸಲಿಲ್ಲ. "ದೊರೆಯೇ, ನಿನ್ನ ಇಗರ್ಜಿ ಚಂದ ಉಂಟು, ನಿನ್ನ ಪುಸ್ತಕ ಚಂದ ಉಂಟು" ಎಂದು ಶುರುಮಾಡಿ ಒಂದೊಂದೇ ಕಲ್ಲು ಕಿತ್ತರು. ಕೊನೆಗೆ: "ನೀನು ಸುಳ್ಳು ಹೇಳಿ ಒಬ್ಬ ತಂದೆಯನ್ನು ಸಂಪಾದಿಸಿದೆ. ಆಳುವುದು ಹೇಗೆಂದು ಮಗನಿಗೆ ಪುಸ್ತಕ ಬರೆದುಕೊಟ್ಟೆ. ಆ ಮಗ ಎಷ್ಟು ಕಾಲ ಆಳಿದ? ಹಿಂದಕ್ಕೆ ನೋಡಿದರೆ ನಿನಗೆ ತಂದೆ ಇಲ್ಲ. ಮುಂದಕ್ಕೆ ನೋಡಿದರೆ ಮಗ ಇಲ್ಲ. ಮತ್ತೆ ಈ ಗಾದಿಯ ಮೇಲೆ ಕೂತದ್ದು ಯಾರು?"

ದೊರೆ ಫೋನನ್ನು ಮೇಲಕ್ಕೆ ಸರಿಸಿದ. ಕೆಳಕ್ಕೆ ಸರಿಸಿದ. "ಹೌದು" ಎಂದ. "ನೀವು ಹೇಳಿದ್ದರಲ್ಲಿ ಪಾಯಿಂಟ್ ಇದೆ."

ಯಾರೋ ಕಿಸಕ್ಕೆಂದರು. ಇವರು ನಗಲಿಲ್ಲ. ತಾಳದ ಕೊಂಡಿ ತಪ್ಪಿದವರ ಹಾಗೆ ಭುಜ ಇಳಿಬಿಟ್ಟು ಜಮಖಾನ ನೋಡುತ್ತ ಕೂತರು. ಮಗಳು ಹಿಂದಿನಿಂದ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

"ದೊರೆ ಏನಂದ?" ಎಂದು ನನ್ನ ಪಕ್ಕದವಳು ಕೇಳಿದಳು.

"ಒಪ್ಪಿಕೊಂಡ."

"ಒಪ್ಪಿಕೊಂಡನೇ? ಯಾರ ಅಪ್ಪಣೆ ಪಡೆದು?"

ಎದ್ದಳು. ಚಪ್ಪಲಿ ಬಿಡಬೇಕೆಂದು ಯಾರೂ ಹೇಳಿರಲಿಲ್ಲ, ಬಿಟ್ಟಳು. ಇಂಜಿನಿಯರಿನ ಹೆಗಲು ತಟ್ಟಿದಳು. ಅವನು ಪಾಪ, ಬಿಡುಗಡೆಯಾದವನ ಹಾಗೆ ಜಾಗ ಬಿಟ್ಟ. ಅವಳು ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತು, ಎದುರಿಗಿದ್ದವರ ಮುಖವನ್ನೇ ನೋಡುತ್ತ, ಮೊದಲು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಯಾರಿಗೂ ಅರ್ಥವಾಗಲಿಲ್ಲ. ಇವರು ಮಾತ್ರ ನೆಟ್ಟಗೆ ಕೂತು ತಲೆಯಾಡಿಸಿದರು. ಆಮೇಲೆ ಅವಳು ಇಂಗ್ಲಿಷಿಗೆ ಬಂದಳು.

"ನನ್ನ ಪುಸ್ತಕ ನನ್ನ ಮಗನನ್ನು ಉಳಿಸಲಿಲ್ಲ. ನಿಜ. ಆದರೆ ಅದು ನಿಂತಿತು. ಒಬ್ಬಳು ಟೀಚರು ಅದನ್ನು ಹಿಡಿದುಕೊಂಡು ದುಡಿದಷ್ಟು ಕಾಲವೂ ಮಕ್ಕಳ ಮುಂದೆ ನಿಂತಳು. ರೈಲ್ವೆಯವನ ಮಗ, ಬೇಕರಿಯವನ ಮಗಳು, ತಂದೆ ಯಾರೆಂದೇ ಗೊತ್ತಿಲ್ಲದ ಮಕ್ಕಳು. ನಾನು ಬರೆದದ್ದನ್ನು ಅವರು ಓದಿದರು. ನನಗೆ ತಂದೆ ಯಾರು ಎಂದು ಕೇಳುತ್ತೀಯಲ್ಲ, ನಾನು ಯಾರಿಗೆ ತಂದೆ ಎಂದು ಅವರನ್ನು ಕೇಳು."

ನಾನು ಕೇಳಿಸಿಕೊಂಡದ್ದು, ಇವರು ಭಾಗವತರ ಕಡೆ ತಿರುಗಿ ಕನ್ನಡದಲ್ಲಿ, "ಪದ ಹೇಳಿ ಮಾರಾಯ್ರೆ, ನನ್ನ ಹತ್ರ ಉತ್ತರ ಇಲ್ಲ" ಎಂದದ್ದು.

(ಹೆಂಡತಿ ಇಲ್ಲಿ ಪುಟದ ಅಂಚಿನಲ್ಲಿ ಉದ್ದಕ್ಕೆ ಗೆರೆ ಎಳೆದಿದ್ದಾಳೆ. "ಖಂಡಿತ ಇಲ್ಲ. ಅವರು ಅಂದದ್ದು 'ಉತ್ತರ ಉಂಟು. ಬರುವ ತಿಂಗಳು ಹೇಳ್ತೇನೆ' ಅಂತ. ಮಗಳು ಅದನ್ನ ಕೇಳಿ ತಾನೇ ಅಳುತ್ತಾ ನಕ್ಕಿದ್ದು?")

ಮಗಳು ಅಳುತ್ತಾ ನಕ್ಕದ್ದು ನಿಜ. ದೀಪಾವಳಿ ಬಂದು ಹೋದದ್ದೂ ನಿಜ. ಅವರು ಫ್ರೀಮಾಂಟಿನಲ್ಲೇ ಹೋಳಿಗೆ ತಿಂದು, ಅದರ ಬಗ್ಗೆ ನನ್ನ ಹೆಂಡತಿಯೊಡನೆ ಜಗಳವಾಡಿದರು. ಬೆಂಚಿನ ಮೇಲಿನ ವಾದ ಮಾತ್ರ ಮುಂದೆ ಕೆಲವು ವರ್ಷ, ಅವರ ಕಾಲು ನಡೆಯುವವರೆಗೆ, ಆಮೇಲೆ ಅವರ ಮಂಚದ ಪಕ್ಕದಲ್ಲಿ ನಡೆಯಿತು. ದೊರೆಯಿಂದ ಶುರುವಾಗಿ ದೇವರು, ಉಪ್ಪಿನಕಾಯಿ, ಸೊಸೆಯಂದಿರು. ಅವಳು ಕೋಪದಿಂದ ಎದ್ದು ಹೋಗುವುದು, ಮರುವಾರ ಬರುವುದು. ನನ್ನ ಅನುಮಾನದ ಬುದ್ಧಿಗೆ ಒಂದು ಪ್ರಶ್ನೆ ಉಳಿದೇ ಇದೆ: ಆ ದಿನ ಸೀನಿಯರ್ ಸೆಂಟರಿನಲ್ಲಿ ಅವರು ಮಾಡಿದ್ದು ತಪ್ಪೋ, ಅವಳ ಕಣ್ಣನ್ನು ನೋಡಿ ಹಾಕಿದ ಗಾಳವೋ? ಕೇಳಿದ್ದರೆ ಎರಡನ್ನೂ ಸಾಧಿಸಿ ತೋರಿಸುತ್ತಿದ್ದರು. ಕೇಳಲಿಲ್ಲ.

ಅವರು ತೀರಿಕೊಂಡ ಮೇಲಿನ ಮೊದಲ ಕೂಟಕ್ಕೆ ಯಾರೂ ಬರಲಾರರು ಅಂದುಕೊಂಡಿದ್ದೆ. ಗಿಲ್‌ರಾಯ್‌ನಿಂದ ಮದ್ದಳೆ ಬಂತು, ಭಾಗವತರು ಬಂದರು, ತೀರಿಕೊಂಡವರ ಮಗಳು ಮಕ್ಕಳನ್ನು ಕರೆದುಕೊಂಡು ಬಂದಳು. ರುಮೇನಿಯಾದ ಹೆಂಗಸು ಬಂದವಳು ದೊರೆಯ ಕಡೆ ಕೂರಲಿಲ್ಲ. ಅವರು ಕೂರುತ್ತಿದ್ದ ಕಡೆ ಹೋಗಿ ಕೂತಳು.

"ಅವರು ಉತ್ತರ ಹೇಳದೆ ಹೋದರು" ಎಂದಳು. "ಉತ್ತರ ಇತ್ತು. ಇಷ್ಟು ದಿನ ಯೋಚಿಸಿ ನಾನೇ ಕಂಡುಕೊಂಡೆ. ಅವರ ಕಡೆಯಿಂದ ಹೇಳಬೇಕಾದವರು ಯಾರಾದರೂ ಬೇಕಲ್ಲ." ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು. "ನೀನು ಕೂರು. ನನ್ನ ದೊರೆಯನ್ನು ಕಾಪಾಡು."

ನನಗೆ ಅರ್ಥ ಹೇಳಿ ಅಭ್ಯಾಸವಿಲ್ಲ, ನಾನು ಬರೀ ಗ್ಯಾರೇಜಿನ ಯಜಮಾನ ಎಂದೆ. ಹೆಂಡತಿ ಹಿಂದಿನಿಂದ, "ಕೂತ್ಕೊಳ್ರೀ, ಸಾಕು" ಎಂದಳು. ಕೂತೆ.

ಅವಳು ಶುರುಮಾಡಿದಳು. "ದೊರೆಯೇ, ಪರರ ಮಕ್ಕಳಿಗೆ ತಂದೆಯಾದೆ ಎಂದು ಹೇಳಿಕೊಂಡೆಯಲ್ಲ. ಆ ಮಕ್ಕಳು ಎಲ್ಲಿ? ನಿನ್ನ ಪುಸ್ತಕ ಓದಿದವರು ದೇಶ ಬಿಟ್ಟು ಹೋದರು. ಓದಿಸಿದ ಟೀಚರೂ ಹೋದಳು. ಅವಳ ಮೊಮ್ಮಗಳಿಗೆ ನಿನ್ನ ಭಾಷೆಯಲ್ಲಿ ನಾಲ್ಕು ಮಾತು ಅರ್ಥವಾಗುತ್ತದೆ, ಒಂದು ಸಾಲು ಓದಲು ಬರುವುದಿಲ್ಲ. ಇನ್ನೊಂದು ತಲೆಮಾರು ಕಳೆದರೆ ಆ ನಾಲ್ಕು ಮಾತೂ ಇಲ್ಲ. ನಿನ್ನ ಪುಸ್ತಕ ಈಗ ಯಾರಿಗೆ?"

ಜಾರುಬಂಡಿ ಆಡುತ್ತಿದ್ದ ಆ ಮೊಮ್ಮಗಳು ಈಗ ಉದ್ದ ಬೆಳೆದು, ಗ್ಯಾರೇಜಿನ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಪಕ್ಕದಲ್ಲಿ ಪುತ್ತೂರಿನವರ ಮೊಮ್ಮಕ್ಕಳು. ಅವರ ಪಕ್ಕದಲ್ಲಿ ನನ್ನ ಮಗ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ಅವಳ ಮಾತಿನಲ್ಲಿ ಎಲ್ಲಿ ಹುಡುಕಿದರೂ ಬಿರುಕು ಕಾಣಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಮಕ್ಕಳೂ.

ಅವಳ ಮಾತು ಸರಿಯಾಗಿತ್ತು. ನಾನು ಒಪ್ಪಲಿಲ್ಲ.